‘ಇದು ಪ್ಲಾಸ್ಟಿಕ್ ಅಕ್ಕಿ ಮೇಷ್ಟ್ರೇ’ ಅಂದಾಗ ಏನು ಮಾಡಬೇಕು? ವದಂತಿಗೆ ಉತ್ತರ ಕೊಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಶಾಲೆಯ ಬಿಸಿಯೂಟದ ಅಕ್ಕ ಒಂದು ದಿನ ಮೊರ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು. ಮೊರದ ಮೂಲೆಯಲ್ಲಿ ಹತ್ತಿಪ್ಪತ್ತು ಕಾಳು ಬೇರೆ ಆರಿಸಿಟ್ಟಿದ್ದರು. “ಮೇಷ್ಟ್ರೇ, ಇದು ಪ್ಲಾಸ್ಟಿಕ್ ಅಕ್ಕಿ. ನೀರಿಗೆ ಹಾಕಿದ್ರೆ ತೇಲುತ್ತೆ. ಮೊಬೈಲಲ್ಲೂ ಬಂದಿದೆ ನೋಡಿ.” ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತದೆಯೇ ನಕ್ಕು, “ಏನೂ ಆಗಲ್ಲ, ಸುಮ್ನೆ ಬೇಯಿಸಿ” ಅಂದೆ.

ಮಾರನೇ ದಿನ ಊಟದ ಹೊತ್ತಿಗೆ ಅರ್ಧದಷ್ಟು ಮಕ್ಕಳ ಕೈಯಲ್ಲಿ ಮನೆಯ ಡಬ್ಬಿ ಇತ್ತು.

ವಿಜ್ಞಾನ ಪಾಠ ಮಾಡುವವನು ನಾನು. ಉತ್ತರ ಗೊತ್ತಿತ್ತು. ಆದರೂ ಆ ನಾಲ್ಕು ಮಾತಿನಿಂದ ಊರಿನ ಅನುಮಾನ ಎರಡರಷ್ಟಾಯಿತು. ಅದನ್ನು ಸರಿಪಡಿಸಲು ಮೂರು ವಾರ ಹಿಡಿಯಿತು. ಆ ಮೂರು ವಾರ ಮಾಡಿದ್ದನ್ನು, ಮಾಡಬಾರದಾಗಿದ್ದನ್ನು ಇಲ್ಲಿ ಬರೆದಿದ್ದೇನೆ. “ನೀವು ಓದಿದೋರಲ್ವಾ, ಇದು ನಿಜಾನಾ?” ಎಂದು ನಿಮ್ಮನ್ನು ಯಾರಾದರೂ ಕೇಳುತ್ತಾರೆ ಅಂದರೆ ಇದು ನಿಮಗೆ. ಮೇಷ್ಟ್ರಾಗಿರಿ, ಆಶಾ ಕಾರ್ಯಕರ್ತೆಯಾಗಿರಿ, ಅಪಾರ್ಟ್‌ಮೆಂಟ್ ಗ್ರೂಪಿನ ಅಡ್ಮಿನ್ ಆಗಿರಿ, ದಾರಿ ಒಂದೇ. ಉದಾಹರಣೆ ಮಾತ್ರ ನನ್ನ ಅಕ್ಕಿಯದು.

ಹೆಜ್ಜೆ 1: ಉತ್ತರ ಕೊಡುವ ಮೊದಲು ಮಾತನ್ನು ಬಿಡಿಸಿ ನೋಡಿ

ವದಂತಿ ಸಾಮಾನ್ಯವಾಗಿ ಒಂದೇ ಮಾತಾಗಿರುವುದಿಲ್ಲ. ನಾಲ್ಕೈದು ಮಾತು ಗಂಟು ಬಿದ್ದಿರುತ್ತವೆ. ಮೊದಲು ಕುಳಿತು ಕೇಳಿ. “ಏನು ನೋಡಿದ್ರಿ? ಎಲ್ಲಿ ನೋಡಿದ್ರಿ? ಇದರಿಂದ ಏನಾಗುತ್ತೆ ಅಂತ ಭಯ?” ಈ ಮೂರು ಪ್ರಶ್ನೆ ಸಾಕು. ಉತ್ತರವನ್ನು ಅವರ ಮಾತಿನಲ್ಲೇ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ.

ನಾನು ತಡವಾಗಿ ಬರೆದುಕೊಂಡಾಗ ‘ಪ್ಲಾಸ್ಟಿಕ್ ಅಕ್ಕಿ’ಯಲ್ಲಿ ಮೂರು ಮಾತು ಸಿಕ್ಕವು. ಒಂದು, ಈ ಕಾಳು ಪ್ಲಾಸ್ಟಿಕ್. ಎರಡು, ಇದನ್ನು ತಿಂದರೆ ಮಕ್ಕಳಿಗೆ ಹೊಟ್ಟೆ ನೋಯುತ್ತದೆ. ಮೂರು, ನಮಗೆ ಹೇಳದೆ ಅಕ್ಕಿಗೆ ಏನೋ ಬೆರೆಸಿದ್ದಾರೆ.

ಮೊದಲನೆಯದು ಸುಳ್ಳು. ಎರಡನೆಯದು ಕೇಳಿ ತಿಳಿಯಬೇಕಾದದ್ದು. ಮೂರನೆಯದು ನಿಜ! ಅಕ್ಕಿಗೆ ನಿಜಕ್ಕೂ ಬೇರೆ ಕಾಳು ಬೆರೆಸಿದ್ದರು. ಅಡುಗೆಯವರಿಗಾಗಲಿ, ತಾಯಂದಿರಿಗಾಗಲಿ ಯಾರೂ ಬಂದು ಹೇಳಿರಲಿಲ್ಲ. ನಾನು “ಏನೂ ಆಗಲ್ಲ” ಎಂದು ನಕ್ಕಾಗ ಆ ಅಕ್ಕ ಕಣ್ಣಾರೆ ಕಂಡಿದ್ದನ್ನೇ ಅಲ್ಲಗಳೆದಂತಾಯಿತು. ಆಮೇಲೆ ನನ್ನ ಮಾತು ಯಾಕೆ ನಂಬುತ್ತಾರೆ?

ಇಲ್ಲಿ ಒಂದು ಹಳೆಯ ಘಟನೆ ನೆನಪಿಟ್ಟುಕೊಳ್ಳಿ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೋನೊಕ್ರೋಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಎಣ್ಣೆ ಸರಿಯಿಲ್ಲ ಎಂದು ಅಡುಗೆಯವರು ಮೊದಲೇ ಹೇಳಿದ್ದರು, ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಆಗ ವರದಿಯಾಗಿತ್ತು. ಅಡುಗೆಯವರ ಅನುಮಾನವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮುನ್ನ ಇದು ಕಣ್ಣ ಮುಂದೆ ಬರಬೇಕು. ಪ್ಲಾಸ್ಟಿಕ್ ಎಂದದ್ದು ತಪ್ಪಿರಬಹುದು. ಅಕ್ಕಿ ಆರಿಸುವಾಗ ಕಣ್ಣಿಟ್ಟು ನೋಡಿದ್ದು ತಪ್ಪಲ್ಲ.

ಹಾಗಾಗಿ ಈ ಹೆಜ್ಜೆಯಲ್ಲೇ ಒಂದು ಕವಲು ಇದೆ. ಊಟ ಹಳಸಿದ ವಾಸನೆ ಬರುತ್ತಿದ್ದರೆ, ಹುಳು ಇದ್ದರೆ, ಮಗುವಿಗೆ ವಾಂತಿ ಆಗಿದ್ದರೆ ಈ ಮಾರ್ಗದರ್ಶಿ ಪಕ್ಕಕ್ಕಿಡಿ. ಬಡಿಸುವುದನ್ನು ನಿಲ್ಲಿಸಿ. ಒಂದಿಷ್ಟು ಊಟ ಮುಚ್ಚಿ ತೆಗೆದಿಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಚರ್ಚೆ ಆಮೇಲೆ.

ಹೆಜ್ಜೆ 2: ಅದು ಏನೆಂದು ನೀವು ಸರಿಯಾಗಿ ತಿಳಿದುಕೊಳ್ಳಿ

‘ವದಂತಿ ಸುಳ್ಳು’ ಎಂದು ಗೊತ್ತಿದ್ದರೆ ಸಾಲದು. ಹಾಗಾದರೆ ಆ ಕಾಳು ಏನು? ಈ ಪ್ರಶ್ನೆಗೆ ಉತ್ತರವಿಲ್ಲದೆ ಹೋದರೆ ಖಾಲಿ ಜಾಗದಲ್ಲಿ ಮತ್ತೆ ಪ್ಲಾಸ್ಟಿಕ್ಕೇ ಬಂದು ಕೂರುತ್ತದೆ.

ಅದು ಸಾರವರ್ಧಿತ ಅಕ್ಕಿಯ ಕಾಳು. ನುಚ್ಚಕ್ಕಿಯ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಬೆರೆಸಿ ನೀರು ಹಾಕಿ ಕಲಸುತ್ತಾರೆ. ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರಕ್ಕೆ ಕತ್ತರಿಸಿ ಒಣಗಿಸುತ್ತಾರೆ. ಶಾವಿಗೆ ಒರಳಿನಲ್ಲಿ ಹಿಟ್ಟು ಒತ್ತುತ್ತೇವಲ್ಲ, ಅದೇ ಉಪಾಯ. ಇಂಥ 1 ಕಿಲೋ ಕಾಳನ್ನು 100 ಕಿಲೋ ಮಾಮೂಲಿ ಅಕ್ಕಿಗೆ ಸೇರಿಸುತ್ತಾರೆ. ಅಂದರೆ 50 ಕಿಲೋ ಮೂಟೆಯಲ್ಲಿ ಅರ್ಧ ಕಿಲೋ. ಎಲ್ಲ ಕಾಳೂ ಒಂದೇ ಅಚ್ಚಿನಲ್ಲಿ ತೆಗೆದಂತಿರುತ್ತವೆ, ಬಣ್ಣ ಸ್ವಲ್ಪ ಬೇರೆ. ಆರಿಸುವವರ ಕಣ್ಣಿಗೆ ಬೀಳದೆ ಇರುತ್ತದೆಯೇ?

ಯಾಕೆ ಬೆರೆಸಿದರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 65ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. 2021ರ ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ, 2024ರೊಳಗೆ ಬಿಸಿಯೂಟವೂ ಸೇರಿದಂತೆ ಸರ್ಕಾರಿ ಯೋಜನೆಗಳ ಅಕ್ಕಿಯನ್ನೆಲ್ಲ ಹೀಗೆ ಸಾರವರ್ಧಿತ ಮಾಡುವುದಾಗಿ ಹೇಳಿದರು. ಮೂಟೆಯ ಮೇಲೆ ‘ಪ್ಲಸ್ ಎಫ್’ ಎಂಬ ನೀಲಿ ಗುರುತು ಹಾಕುತ್ತಾರೆ. ನಮ್ಮಲ್ಲಿ ಆ ಗುರುತು ಇತ್ತು. ಮೂಟೆ ಬಿಚ್ಚಿ ಡ್ರಮ್ಮಿಗೆ ಸುರಿದ ಮೇಲೆ ಅದನ್ನು ಯಾರು ನೋಡುತ್ತಾರೆ?

ಸೊಸೈಟಿ ಅಕ್ಕಿಯಲ್ಲೂ ಇದೇ ಕಾಳು ಬಂದಾಗ ತಾಯಂದಿರು ಮೊರದಲ್ಲಿ ಕೇರಿ, ಒಂದೊಂದಾಗಿ ಆರಿಸಿ ಎಸೆದರು. ಮೂಟೆಯಲ್ಲಿ ಯಾವುದಕ್ಕೆ ಕಬ್ಬಿಣದ ಅಂಶ ಸೇರಿಸಿದ್ದರೋ ಅದೇ ಕೋಳಿಗೆ ಹೋಯಿತು.

ನಿಮ್ಮ ಮುಂದಿರುವುದು ಅಕ್ಕಿಯಲ್ಲ, ಬರೀ ಒಂದು ಫಾರ್ವರ್ಡ್ ಆಗಿದ್ದರೆ? ಆಗ ಹುಡುಕುವ ಬಗೆ ಸ್ವಲ್ಪ ಬೇರೆ.

ಮೊದಲು ಕಾಲ ಮತ್ತು ಊರು ಹೊಂದುತ್ತವೆಯೇ ನೋಡಿ. 2021ರ ಎರಡನೇ ಅಲೆಯಲ್ಲಿ “5ಜಿ ಟವರಿನಿಂದಲೇ ಕೊರೊನಾ” ಎಂಬ ಮಾತು ಊರೂರು ಸುತ್ತಿತು. ಭಾರತದಲ್ಲಿ 5ಜಿ ಸೇವೆ ಶುರುವಾಗಿದ್ದೇ 2022ರ ಅಕ್ಟೋಬರ್‌ನಲ್ಲಿ. ಇದಕ್ಕೆ ಭೌತಶಾಸ್ತ್ರ ಬೇಕಿಲ್ಲ, ಕ್ಯಾಲೆಂಡರ್ ಸಾಕು.

ಚಿತ್ರವಿದ್ದರೆ ಗೂಗಲ್ ಲೆನ್ಸ್‌ಗೆ ಕೊಡಿ. ಹಳೆಯ ಚಿತ್ರ, ಬೇರೆ ದೇಶದ ಚಿತ್ರ ಆಗಿದ್ದರೆ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ವಾಟ್ಸಾಪಿನಲ್ಲಿ ಸಂದೇಶದ ಮೇಲೆ ಜೋಡಿ ಬಾಣ ಕಂಡರೆ ಅದು ಕೈಯಿಂದ ಕೈಗೆ ಐದಾರು ಸಲವಾದರೂ ದಾಟಿ ಬಂದದ್ದು ಎಂದರ್ಥ. ಸುಳ್ಳು ಎಂದಲ್ಲ. ಬರೆದವರು ಯಾರೆಂದು ಕಳುಹಿಸಿದವರಿಗೂ ಗೊತ್ತಿಲ್ಲ ಎಂದು. 2020ರ ಏಪ್ರಿಲ್‌ನಿಂದ ಅಂಥವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳುಹಿಸಲು ಬಿಡುತ್ತಾರೆ. ಕೇಂದ್ರ ಸರ್ಕಾರದ ಯೋಜನೆ, ಆದೇಶಗಳ ಬಗ್ಗೆ ಆದರೆ ಪಿಐಬಿ (ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿ) ಫ್ಯಾಕ್ಟ್ ಚೆಕ್ ನೋಡಬಹುದು. ಅದು ಸರ್ಕಾರದ್ದೇ ವಿಭಾಗ ಎನ್ನುವುದೂ ನೆನಪಿರಲಿ. ಸರ್ಕಾರದ ಮೇಲಿನ ದೂರಿಗೆ ಅದೊಂದನ್ನೇ ಸಾಕ್ಷಿ ಹಾಕಿದರೆ ಕೇಳುವವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

“ವಿಜ್ಞಾನಿಗಳೇ ಹೇಳಿದ್ದಾರೆ” ಎಂದಿದ್ದರೆ ಎಷ್ಟು ಜನರನ್ನು ನೋಡಿ ಹೇಳಿದ್ದಾರೆ ಎಂದು ಹುಡುಕಿ. ದಡಾರದ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಬ್ರಿಟನ್ನಿನ ಲೇಖನ ಬರೀ 12 ಮಕ್ಕಳ ಮೇಲೆ ನಿಂತಿತ್ತು. ಅದನ್ನು ಪ್ರಕಟಿಸಿದ ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ಬರೆದ ವೈದ್ಯನ ಪರವಾನಗಿ ಹೋಯಿತು. 2019ರಲ್ಲಿ ಡೆನ್ಮಾರ್ಕಿನವರು 6 ಲಕ್ಷ 57 ಸಾವಿರ ಮಕ್ಕಳ ದಾಖಲೆ ನೋಡಿದರು. ನಂಟು ಸಿಗಲಿಲ್ಲ. ಆದರೂ ಆ 12 ಮಕ್ಕಳ ಕಥೆ ಇವತ್ತಿಗೂ ನಮ್ಮ ಗ್ರೂಪುಗಳಿಗೆ ಬರುತ್ತಲೇ ಇದೆ.

ಹೆಜ್ಜೆ 3: ಎಲ್ಲರ ಎದುರು ಪರೀಕ್ಷೆ ಮಾಡಿ, ಅವರ ಕೈಯಲ್ಲೇ ಮಾಡಿಸಿ

ನನಗೆ ಇಷ್ಟವಾದ ಹೆಜ್ಜೆ ಇದು. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಒಂದು ಗುರುವಾರ ಮಧ್ಯಾಹ್ನ ಎಸ್‌ಡಿಎಂಸಿಯವರನ್ನು (ಶಾಲಾಭಿವೃದ್ಧಿ ಸಮಿತಿಯವರನ್ನು), ತಾಯಂದಿರನ್ನು ಕರೆದೆವು. ಬೇಕಾದ ಸಾಮಾನು ಇಷ್ಟೇ: ಅನುಮಾನದ ಕಾಳು, ಮಾಮೂಲಿ ಅಕ್ಕಿ, ನಿಜವಾದ ಪ್ಲಾಸ್ಟಿಕ್ಕಿನ ಚೂರು, ಒಂದು ಹಿಡಿ ಪುರಿ (ಮಂಡಕ್ಕಿ), ನಾಲ್ಕು ಲೋಟ, ಗಾಯಕ್ಕೆ ಹಾಕುವ ಬೆಟಾಡಿನ್, ಇಕ್ಕಳ, ಒಲೆ. ನಿಜವಾದ ಪ್ಲಾಸ್ಟಿಕ್ ಮತ್ತು ಮಾಮೂಲಿ ಅಕ್ಕಿ ಎರಡೂ ಇರಲೇಬೇಕು. ವಿಡಿಯೊಗಳಲ್ಲಿ ಅನುಮಾನದ ಕಾಳನ್ನು ಮಾತ್ರ ತೋರಿಸುತ್ತಾರೆ. ಪಕ್ಕದಲ್ಲಿ ಹೋಲಿಸಲು ಏನೂ ಇಡುವುದಿಲ್ಲ. ಮೋಸ ಇರುವುದೇ ಅಲ್ಲಿ.

ಪ್ರತಿ ಪರೀಕ್ಷೆಗೂ ಮೊದಲು ಕೇಳಿ, “ಪ್ಲಾಸ್ಟಿಕ್ ಆಗಿದ್ರೆ ಏನಾಗಬೇಕು? ಅಕ್ಕಿ ಆಗಿದ್ರೆ ಏನಾಗಬೇಕು?” ಅವರೇ ಹೇಳಲಿ. ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ಮಾತು ತಿರುಗಿಸಲು ನಿಮಗೂ ಆಗುವುದಿಲ್ಲ, ಅವರಿಗೂ ಆಗುವುದಿಲ್ಲ.

ತೇಲಿಸುವುದರಿಂದ ಶುರು ಮಾಡಿ. ಅನುಮಾನದ ಕಾಳು ತೇಲಿತು. ತೇಲಲಿ, ಮುಚ್ಚಿಡಬೇಡಿ. ಈಗ ಇನ್ನೊಂದು ಲೋಟಕ್ಕೆ ಪುರಿ ಹಾಕಿ. ಅದೂ ತೇಲುತ್ತದೆ. ಪಿವಿಸಿ ಪೈಪಿನ ಚೂರು ಹಾಕಿ. ಅದು ಪ್ಲಾಸ್ಟಿಕ್, ಆದರೂ ಮುಳುಗುತ್ತದೆ! ನಮ್ಮಲ್ಲಿ ಒಬ್ಬ ಹುಡುಗ “ಹಂಗಾದ್ರೆ ಪುರಿ ಪ್ಲಾಸ್ಟಿಕ್ಕಾ ಸಾರ್?” ಎಂದು ಕೇಳಿದ. ಎಲ್ಲರೂ ನಕ್ಕರು. ನಾನು ಒಂದು ಗಂಟೆ ಮಾತಾಡಿದ್ದರೂ ಅಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ. ಒತ್ತಿ ಮಾಡಿದ ಕಾಳು ಗದ್ದೆಯ ಕಾಳಿನಷ್ಟು ಗಟ್ಟಿಯಾಗಿ ತುಂಬಿಕೊಂಡಿರುವುದಿಲ್ಲ, ಅದಕ್ಕೇ ತೇಲುತ್ತದೆ.

ಎರಡನೆಯದು ಬೆಟಾಡಿನ್. ಅದರಲ್ಲಿ ಅಯೋಡಿನ್ ಇದೆ, ಪಿಷ್ಟ ಸಿಕ್ಕರೆ ಕಡುನೀಲಿಯಾಗುತ್ತದೆ. ಕಾಳನ್ನು ಕುಟ್ಟಿ, ಸ್ವಲ್ಪ ಬಿಸಿನೀರಿನಲ್ಲಿ ಕಲಸಿ, ಪೂರ್ತಿ ಆರಲು ಬಿಡಿ. ಬಿಸಿಯಿದ್ದರೆ ಬಣ್ಣ ಬರುವುದಿಲ್ಲ. ಮೊದಲ ಸಲ ನಾನು ಅವಸರ ಮಾಡಿ ಪೆಚ್ಚಾದೆ. ನೀರು ಬೆರೆಸಿದ ಬೆಟಾಡಿನ್ ಎರಡು ಹನಿ ಹಾಕಿ. ಅಕ್ಕಿಯೂ ಕಪ್ಪುನೀಲಿ, ಅನುಮಾನದ ಕಾಳೂ ಕಪ್ಪುನೀಲಿ. ಪ್ಲಾಸ್ಟಿಕ್ ಚೂರಿನ ಲೋಟ ಕಂದು ಬಣ್ಣದಲ್ಲೇ ಇರುತ್ತದೆ. ಪರೀಕ್ಷೆಗೆ ಬಳಸಿದ್ದನ್ನು ಯಾರೂ ತಿನ್ನಬಾರದು, ಕೋಳಿಗೂ ಹಾಕಬಾರದು.

ಮೂರನೆಯದು ಸುಡುವುದು. ಇದನ್ನು ದೊಡ್ಡವರು ಬಯಲಿನಲ್ಲಿ ಮಾಡಬೇಕು, ಪ್ಲಾಸ್ಟಿಕ್ ಕವರಿನ ಚೂರು ಉಗುರಿನಷ್ಟು ಸಾಕು (ಪಿವಿಸಿ ಪೈಪಿನದು ಬೇಡ), ಹೊಗೆ ಕುಡಿಯಬಾರದು. “ಬೆಂಕಿ ಹತ್ತಿಕೊಳ್ತು, ಅದಕ್ಕೇ ಪ್ಲಾಸ್ಟಿಕ್” ಎನ್ನುವ ವಿಡಿಯೊಗಳಿವೆ. ಅಕ್ಕಿಯೂ ಹತ್ತಿಕೊಳ್ಳುತ್ತದೆ. ನೋಡಬೇಕಾದ್ದು ಹೇಗೆ ಉರಿಯುತ್ತದೆ ಎಂಬುದನ್ನು. ಪ್ಲಾಸ್ಟಿಕ್ ಕರಗಿ ತೊಟ್ಟಿಕ್ಕಿ ಗಟ್ಟಿ ಮಣಿಯಾಗುತ್ತದೆ. ಕಾಳು ಇದ್ದಿಲಾಗಿ, ಚಿವುಟಿದರೆ ಪುಡಿಯಾಗುತ್ತದೆ. ಮೂಸಿ ನೋಡಿದ ಅಜ್ಜಿಯೊಬ್ಬರು “ತಳ ಹತ್ತಿದ ಅನ್ನ” ಅಂದರು.

ಕೊನೆಗೆ ಬೇಯಿಸುವುದು. ಅನುಮಾನದ ಕಾಳನ್ನೇ ಬೇರೆ ಪಾತ್ರೆಯಲ್ಲಿ ಬೇಯಿಸಿ. ಮೆತ್ತಗಾಯಿತು. ಅದನ್ನು ಮೊದಲು ನಾನು ತಿಂದೆ, ಆಮೇಲೆ ಅಡುಗೆಯ ಅಕ್ಕ ತಿಂದರು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದು ಹಲವರಿಗೆ ನೆನಪಿರಬಹುದು. ಎಲ್ಲರೆದುರು ಮಾಡಿ ತೋರಿಸಿ ಎನ್ನುವುದೇ ಆ ಸಮಿತಿಯ ಬೇಡಿಕೆಯಾಗಿತ್ತು. ಅದೇ ಬೇಡಿಕೆ ನಮಗೂ ಅನ್ವಯ. ಬಾಬಾಗಳಿಗೆ ಒಂದು ಕಾನೂನು, ಮೇಷ್ಟ್ರಿಗೆ ಇನ್ನೊಂದು ಆಗಬಾರದು.

ಒಂದು ಎಚ್ಚರಿಕೆ. ಈ ಪರೀಕ್ಷೆಗಳು ಕಾಳಿನಲ್ಲಿ ಪಿಷ್ಟವಿದೆ, ಪ್ಲಾಸ್ಟಿಕ್ ಅಲ್ಲ ಎಂದಷ್ಟೇ ಹೇಳುತ್ತವೆ. ಕಬ್ಬಿಣ ಎಷ್ಟಿದೆ, ಬೇರೆ ಕಲಬೆರಕೆ ಇದೆಯೇ ಎಂದು ಹೇಳುವುದಿಲ್ಲ. ಅದಕ್ಕೆ ಪ್ರಯೋಗಾಲಯ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಆಹಾರ ಕೊಂಡವರು ಶುಲ್ಕ ಕಟ್ಟಿ ಅದನ್ನು ಪರೀಕ್ಷೆ ಮಾಡಿಸಬಹುದು. ದಾರಿ ತಿಳಿಯಲು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಯ ಕಚೇರಿಗೆ ಹೋಗಿ. ಇದನ್ನು ಸಭೆಯಲ್ಲೇ ಹೇಳಿಬಿಡಿ.

ಹೆಜ್ಜೆ 4: ನಿಜವಿರುವಷ್ಟನ್ನು ಒಪ್ಪಿಕೊಳ್ಳಿ, ಗೊತ್ತಿರುವಷ್ಟನ್ನೇ ಹೇಳಿ

ಸಭೆ ನನ್ನ ಕಡೆಗೆ ವಾಲುತ್ತಿದೆ ಎಂದು ಖುಷಿಯಲ್ಲಿದ್ದಾಗ ಒಬ್ಬ ತಂದೆ ಎದ್ದು ಕೇಳಿದರು, “ನನ್ನ ಮಗಳಿಗೆ ಸಿಕಲ್ ಸೆಲ್ ಐತೆ. ಕಬ್ಬಿಣ ತಿನ್ನಬಾರದು ಅಂತ ಮೂಟೆ ಮೇಲೇ ಬರೆದಿರ್ತಾರಂತೆ, ಹೌದಾ?”

ನಮ್ಮ ಶಾಲೆಗೆ ಹಾಡಿಯ ಮಕ್ಕಳೂ ಬರುತ್ತಾರೆ. ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿಗಳಲ್ಲಿ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯದ ರಕ್ತದ ಕಾಯಿಲೆ ಇದೆ. ಅವರ ಪ್ರಶ್ನೆ ಪೂರ್ತಿ ನ್ಯಾಯವಾದದ್ದು. ನನಗೆ ಉತ್ತರ ಗೊತ್ತಿರಲಿಲ್ಲ. “ಗೊತ್ತಿಲ್ಲ, ಎರಡು ದಿನ ಕೊಡಿ, ಅಲ್ಲಿವರೆಗೆ ಮಗುವಿಗೆ ಮನೆ ಊಟ ಕಳಿಸಿ” ಅಂದೆ. ಆ ಇಡೀ ದಿನ ನಾನು ಆಡಿದ ಮಾತುಗಳಲ್ಲಿ ಊರವರಿಗೆ ನೆನಪಿರುವುದು ಇದೊಂದೇ ಎಂದು ಆಮೇಲೆ ತಿಳಿಯಿತು.

ಹುಡುಕಿದಾಗ ಸಿಕ್ಕಿದ್ದು ಇದು. 2018ರ ನಿಯಮದಲ್ಲಿ, ಕಬ್ಬಿಣ ಬೆರೆಸಿದ ಆಹಾರದ ಪ್ಯಾಕೆಟ್ ಮೇಲೆ ತಲಸ್ಸೇಮಿಯಾ (ಇದೂ ವಂಶಪಾರಂಪರ್ಯದ ರಕ್ತದ ಕಾಯಿಲೆ) ಇರುವವರು ವೈದ್ಯರ ನಿಗಾದಲ್ಲಿ ತಿನ್ನಬೇಕು, ಸಿಕಲ್ ಸೆಲ್ ಇರುವವರು ತಿನ್ನಬಾರದು ಎಂಬ ಎಚ್ಚರಿಕೆ ಹಾಕಬೇಕಿತ್ತು. ಅಂದರೆ ಆ ತಂದೆ ಹೇಳಿದ್ದು ವದಂತಿಯಲ್ಲ. ಮುಂದೆ ತಜ್ಞರ ಸಮಿತಿ ಪುರಾವೆಗಳನ್ನು ನೋಡಿ ಈ ಎಚ್ಚರಿಕೆಯ ಅಗತ್ಯವಿಲ್ಲ ಎಂದಿತು, 2024ರಲ್ಲಿ ಅದನ್ನು ತೆಗೆದರು. ಲೆಕ್ಕವನ್ನೂ ನೋಡಬಹುದು. ಮಾನದಂಡದ ಪ್ರಕಾರ 1 ಕಿಲೋ ಸಾರವರ್ಧಿತ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ. 200 ಗ್ರಾಂ ಅಕ್ಕಿಯ ಅನ್ನ ತಿಂದರೆ 5.6ರಿಂದ 8.5 ಮಿಲಿಗ್ರಾಂ. ಹೈಸ್ಕೂಲು ಮಕ್ಕಳಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ಇಷ್ಟನ್ನು ಬರೆದುಕೊಟ್ಟು, ಮಗುವನ್ನು ನೋಡುವ ಡಾಕ್ಟರನ್ನೇ ಕೇಳಿ ಎಂದೆ. ಒಂದು ಮಗುವಿಗೆ ಏನು ಸರಿ ಎಂದು ಹೇಳುವುದು ಮೇಷ್ಟ್ರ ಕೆಲಸವಲ್ಲ.

ಇನ್ನೊಂದು ಮಾತು. ಹುಮ್ಮಸ್ಸಿನಲ್ಲಿ “ಈ ಅಕ್ಕಿ ತಿಂದ್ರೆ ರಕ್ತಹೀನತೆ ಹೋಗೇ ಹೋಗುತ್ತೆ” ಎನ್ನಬೇಡಿ. ಅದು ಎಷ್ಟು ಕಡಿಮೆಯಾಗುತ್ತದೆ ಎನ್ನುವುದರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2019ರ ಕಾಕ್ರೇನ್ ವಿಮರ್ಶೆಗೂ ದೊಡ್ಡ ಲಾಭ ಕಾಣಲಿಲ್ಲ. ಬೇಳೆ, ಸೊಪ್ಪು, ಮೊಟ್ಟೆ ಕೊಡಿ, ಈ ಅಕ್ಕಿಯ ಮೇಲೆ ಇಷ್ಟು ಭಾರ ಹಾಕಬೇಡಿ ಎನ್ನುವ ತಜ್ಞರಿದ್ದಾರೆ. ಆ ವಾದದಲ್ಲಿ ನನಗೂ ಹುರುಳು ಕಾಣುತ್ತದೆ. ‘ಪ್ಲಾಸ್ಟಿಕ್ ಅಲ್ಲ’ ಎನ್ನುವುದು ಒಂದು ಮಾತು. ‘ಇದು ಒಳ್ಳೆಯ ಯೋಜನೆ’ ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಮಾರಲು ಹೋದರೆ ಎರಡೂ ಹೋಗುತ್ತವೆ.

ಹೆಜ್ಜೆ 5: ಹೇಳುವ ಬಾಯಿ ಯಾವುದು, ಪದ ಯಾವುದು

ಪೋಲಿಯೊ ಹನಿಯಿಂದ ಮಕ್ಕಳಾಗುವುದಿಲ್ಲ ಎಂಬ ವದಂತಿ ಪಶ್ಚಿಮ ಉತ್ತರ ಪ್ರದೇಶದಲ್ಲಿ ಬೇರೂರಿತ್ತು. ಭಾಷಣ, ಪೋಸ್ಟರ್‌ಗಳಿಂದ ಅದು ಅಲುಗಲಿಲ್ಲ. ಅದೇ ಬೀದಿಯ ಹೆಂಗಸರು ಮನೆಮನೆಗೆ ಹೋಗಿ ಮಾತಾಡಿದರು, ಮಸೀದಿಯಿಂದ ಮೌಲವಿಗಳು ಹೇಳಿದರು. ಆಗ ಬಾಗಿಲು ತೆರೆಯಿತು. 2011ರ ಜನವರಿ 13ರ ಹೌರಾದ ಮಗುವಿನದೇ ದೇಶದಲ್ಲಿ ನೈಸರ್ಗಿಕ (ವೈಲ್ಡ್) ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ. 2014ರ ಮಾರ್ಚ್ 27ಕ್ಕೆ ಭಾರತ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು.

ನಮ್ಮೂರಿನಲ್ಲಿ ಆ ಕೆಲಸ ಮಾಡಿದ್ದು ಬಿಸಿಯೂಟದ ಅಕ್ಕ. ಮೊದಲು ಅನುಮಾನಪಟ್ಟವರೇ ಅವರು, ಅದಕ್ಕೇ ಅವರ ಮಾತಿಗೆ ತೂಕ ಬಂತು. ನಲ್ಲಿ ಹತ್ತಿರ ನಿಂತು “ನಾನೇ ಸುಟ್ಟು ನೋಡಿದೀನಿ ಕಣವ್ವಾ” ಎಂದರೆ ಮುಗಿಯಿತು. ಹಾಗಾಗಿ ಅತಿ ಜೋರಾಗಿ ಅನುಮಾನಪಟ್ಟವರನ್ನು ದೂರ ಇಡಬೇಡಿ. ಪರೀಕ್ಷೆ ಅವರ ಕೈಯಲ್ಲೇ ಮಾಡಿಸಿ.

ಪದದ ವಿಷಯ. ‘ಸಾರವರ್ಧಿತ’ ಎಂದರೆ ಯಾರಿಗೂ ತಿಳಿಯಲಿಲ್ಲ, ಒಬ್ಬರು ಸಾರಿನ ಪುಡಿ ಅಂದುಕೊಂಡರು. “ಕಬ್ಬಿಣ ಬೆರೆಸಿದ ಅಕ್ಕಿ” ಅಂದೆ. “ಕಬ್ಬಿಣ ತಿನ್ನಿಸ್ತೀರಾ ಮಕ್ಕಳಿಗೆ?” ಎಂದು ಗಾಬರಿಯಾದರು. ಕೊನೆಗೆ “ನೀಲಿ ಮಾತ್ರೆಯಲ್ಲಿರೋದೇ ಇದರಲ್ಲೂ ಇದೆ, ಸ್ವಲ್ಪ ಇದೆ” ಎಂದಾಗ ಅರ್ಥವಾಯಿತು. ಅವರಿಗೆ ಈಗಾಗಲೇ ಗೊತ್ತಿರುವ ವಸ್ತು ಒಂದನ್ನು ಹುಡುಕಿ ಅದಕ್ಕೆ ಕಟ್ಟಿ.

ಹೆಜ್ಜೆ 6: ಗ್ರೂಪಿಗೆ ಬರೆಯುವ ರೀತಿ

ಸುಳ್ಳು ವಿಡಿಯೊವನ್ನು ಬಯ್ಯಲೆಂದಾದರೂ ಮತ್ತೆ ಹಾಕಬೇಡಿ. ಪದೇ ಪದೇ ಕೇಳಿದ ಮಾತು ನಿಜವೆನಿಸುತ್ತದೆ ಎಂದು ಮನಶ್ಶಾಸ್ತ್ರಜ್ಞರು 1977ರಲ್ಲೇ ತೋರಿಸಿದ್ದಾರೆ. “ಇದು ಸುಳ್ಳು” ಎಂಬ ನಿಮ್ಮ ಸಾಲು ಮರೆತುಹೋಗುತ್ತದೆ, ವಿಡಿಯೊ ನೆನಪಿರುತ್ತದೆ. ನಿಜವನ್ನು ಮೊದಲ ಸಾಲಿನಲ್ಲಿ ಇಡಿ. ವದಂತಿಯನ್ನು ನಡುವೆ ಒಂದೇ ಸಲ ಹೇಳಿ, ಅದು ಎಲ್ಲಿ ಎಡವಿತು ತೋರಿಸಿ. ಕೊನೆಗೆ ಮತ್ತೆ ನಿಜಕ್ಕೆ ಬನ್ನಿ. ನಾವು ಹಾಕಿದ್ದು ಹೀಗಿತ್ತು:

“ಶಾಲೆಯ ಅಕ್ಕಿಯಲ್ಲಿ ಬೇರೆಯಾಗಿ ಕಾಣುವ ಕಾಳು ಅಕ್ಕಿ ಹಿಟ್ಟಿನಿಂದಲೇ ಮಾಡಿದ್ದು. ಮಕ್ಕಳಿಗೆ ಕೊಡುವ ನೀಲಿ ಮಾತ್ರೆಯ ಅಂಶ ಅದರಲ್ಲಿ ಸ್ವಲ್ಪ ಇದೆ. ಇದನ್ನು ಮೊದಲೇ ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪಾಯಿತು. ತೇಲುವುದನ್ನು ತೋರಿಸಿ ಪ್ಲಾಸ್ಟಿಕ್ ಎನ್ನುವ ವಿಡಿಯೊ ಓಡಾಡುತ್ತಿದೆ. ಪುರಿಯೂ ತೇಲುತ್ತದೆ. ಗುರುವಾರ ಊರವರ ಮುಂದೆ ಸುಟ್ಟು, ಬೇಯಿಸಿ ನೋಡಿದೆವು. ಅಕ್ಕಿಯ ಹಾಗೇ ಬೆಂದಿತು. ಆರಿಸಿ ಎಸೆಯಬೇಡಿ. ಅನುಮಾನವಿದ್ದರೆ ಮನೆಯಿಂದ ಒಂದು ಹಿಡಿ ಅಕ್ಕಿ ತನ್ನಿ, ಸೇರಿ ನೋಡೋಣ.”

ನಗುವ ಇಮೋಜಿ, ‘ದಡ್ಡರು’, ‘ವಾಟ್ಸಾಪ್ ಯೂನಿವರ್ಸಿಟಿ’ ಇವೆಲ್ಲ ಬೇಡ. ಅದರಿಂದ ನಿಮಗೆ ಖುಷಿಯಾಗುತ್ತದೆ, ಅಷ್ಟೇ.

ಹೆಜ್ಜೆ 7: ಮನೆಯ ಹಿರಿಯರ ವಿಷಯ

ಫಾರ್ವರ್ಡ್ ಮಾಡಿದ್ದು ದೊಡ್ಡಪ್ಪ ಆಗಿದ್ದರೆ ಗ್ರೂಪಿನಲ್ಲಿ ಉತ್ತರಿಸಬೇಡಿ. ಎಲ್ಲರ ಮುಂದೆ ಸೋಲಲು ಯಾರೂ ಒಪ್ಪುವುದಿಲ್ಲ, ನೀವಾದರೂ ಒಪ್ಪುತ್ತೀರಾ? ಫೋನ್ ಮಾಡಿ. ಮೊದಲು ಮಂಡಿ ನೋವು ವಿಚಾರಿಸಿ. ಆಮೇಲೆ “ದೊಡ್ಡಪ್ಪಾ, ನೀವು ಕಳಿಸಿದ್ದು ನೋಡಿದೆ, ನನಗೂ ಗಾಬರಿಯಾಯ್ತು, ಹುಡುಕಿದೆ” ಎಂದು ಶುರು ಮಾಡಿ. 2021ರಲ್ಲಿ ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಕೊರೊನಾ ಹೋಗುತ್ತದೆ ಎಂಬ ಸಲಹೆ ನಮ್ಮ ರಾಜ್ಯದಲ್ಲೆಲ್ಲ ಹರಡಿದಾಗ ನಮ್ಮ ಮನೆಯಲ್ಲೂ ಅದು ಬಂತು. ಕಳುಹಿಸಿದವರು ಕೆಟ್ಟವರಲ್ಲ. ನಮ್ಮ ಮೇಲಿನ ಕಾಳಜಿಯಿಂದಲೇ ಕಳುಹಿಸಿದ್ದರು. ಕಾಳಜಿಗೆ ಥ್ಯಾಂಕ್ಸ್ ಹೇಳಿ, ನಿಂಬೆಹಣ್ಣನ್ನು ಪಾನಕಕ್ಕೆ ತಿರುಗಿಸಿದೆವು. ಗ್ರೂಪಿನಿಂದ ಅಳಿಸುವಂತೆ ಕೇಳಿಕೊಂಡರೆ ಸಾಮಾನ್ಯವಾಗಿ ಅವರೇ ಅಳಿಸುತ್ತಾರೆ.

ಹೆಜ್ಜೆ 8: ಒಂದು ಸಭೆಗೆ ನಿಲ್ಲಿಸಬೇಡಿ, ಮುಂದಿನದಕ್ಕೆ ಮೊದಲೇ ಹೋಗಿ

ಬಿಹಾರದಲ್ಲಿ ಈ ಬಗ್ಗೆ ಎರಡು ಒಳ್ಳೆಯ ಪ್ರಯೋಗ ನಡೆದಿವೆ. 2019ರಲ್ಲಿ ಮನೆಮನೆಗೆ ಹೋಗಿ ಸುಮಾರು ಒಂದು ಗಂಟೆ ಸುಳ್ಳು ಸುದ್ದಿ ಗುರುತಿಸುವುದನ್ನು ಹೇಳಿಕೊಟ್ಟರು. ಒಟ್ಟಾರೆ ನೋಡಿದರೆ ಪರಿಣಾಮ ಕಾಣಲಿಲ್ಲ. ಆಮೇಲೆ 583 ಹಳ್ಳಿಗಳ 13 ಸಾವಿರಕ್ಕೂ ಹೆಚ್ಚು ಹೈಸ್ಕೂಲು ವಯಸ್ಸಿನ ಮಕ್ಕಳಿಗೆ ಸರ್ಕಾರಿ ಗ್ರಂಥಾಲಯಗಳಲ್ಲಿ ವಾರಗಟ್ಟಲೆ ತರಗತಿ ನಡೆಸಿದರು, ಆರೋಗ್ಯದ ಸುಳ್ಳುಗಳ ಮೇಲೆಯೇ ಹೆಚ್ಚು. ಮಕ್ಕಳು ಕಲಿತರು, ತಿಂಗಳುಗಳ ಮೇಲೂ ಮರೆಯಲಿಲ್ಲ, ಮನೆಯಲ್ಲಿ ಅಪ್ಪ ಅಮ್ಮನಿಗೂ ದಾಟಿತು. ನಾವು ಈಗ ಶನಿವಾರ ಅರ್ಧ ಗಂಟೆ ‘ಈ ವಾರದ ಫಾರ್ವರ್ಡ್’ ಮಾಡುತ್ತೇವೆ. ಮಕ್ಕಳೇ ತರುತ್ತಾರೆ, ಮಕ್ಕಳೇ ಬಿಡಿಸುತ್ತಾರೆ.

ಯಾವ ವದಂತಿ ಯಾವಾಗ ಬರುತ್ತದೆ ಎಂದು ಮೊದಲೇ ಊಹಿಸಬಹುದು. ಲಸಿಕೆ ಅಭಿಯಾನ ಬಂದರೆ ಬರುತ್ತದೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಬೆಂಗಳೂರಿನಿಂದ ಶುರುವಾದಾಗ ಶಾಲೆಯ ಚೀಟಿಗಿಂತ ಮೊದಲು ವಾಟ್ಸಾಪ್ ಭಯ ಮನೆ ತಲುಪಿತ್ತು. ಗ್ರಹಣಕ್ಕೆ ಬರುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾಗಲೆಂದು ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದ ದಿನ ಹೋಗಿ ಬುದ್ಧಿ ಹೇಳಿದರೆ ತಡವಾಯಿತು. 2027ರ ಆಗಸ್ಟ್ 2ರಂದು ಇನ್ನೊಂದು ಸೂರ್ಯಗ್ರಹಣ ಭಾರತದಲ್ಲಿ ಭಾಗಶಃ ಕಾಣಲಿದೆ. ಅದಕ್ಕೆ ಜುಲೈನಲ್ಲೇ ಸಭೆ ಇಟ್ಟುಕೊಳ್ಳಿ, ಗ್ರಹಣದ ಕನ್ನಡಕ ತರಿಸಿ.

ಹೆಜ್ಜೆ 9: ಅನುಮಾನವನ್ನು ಲೆಕ್ಕಕ್ಕೆ ಹಚ್ಚಿ

ಇದನ್ನು ನಾನು ಯೋಚಿಸಿರಲಿಲ್ಲ. ಎಲ್ಲ ಮುಗಿದು ಆರು ತಿಂಗಳಾಗಿತ್ತು. ಅದೇ ಅಕ್ಕ ಅದೇ ಮೊರ ಹಿಡಿದು ಬಂದರು. “ಮೇಷ್ಟ್ರೇ, ಈ ಲೋಡಲ್ಲಿ ಆ ಕಾಳು ಕಮ್ಮಿ ಐತೆ.” ಈ ಸಲ ಪೆನ್ನು ಕೆಳಗಿಟ್ಟೆ.

100ಕ್ಕೆ 1 ಎಂದರೆ ಸಾವಿರ ಕಾಳಿಗೆ ಹತ್ತರ ಆಸುಪಾಸು ಇರಬೇಕು. ಒಂದು ಹಿಡಿಯಲ್ಲಿ ಹೆಚ್ಚುಕಡಿಮೆ ಆಗಬಹುದು, ಅದಕ್ಕೆ ಮೂರು ಮೂಟೆಗಳಿಂದ ಸಾವಿರ ಸಾವಿರ ಕಾಳು ಎಣಿಸಿದೆವು. ಎಂಟನೇ ತರಗತಿಯ ಮಕ್ಕಳು ಇಡೀ ಮಧ್ಯಾಹ್ನ ಕೂತರು. 30ರ ಹತ್ತಿರ ಸಿಗಬೇಕಿತ್ತು, 11 ಸಿಕ್ಕವು. ಎಣಿಸಿದ ರೀತಿ, ಮೂಟೆಯ ನಂಬರು, ದಿನಾಂಕ ಎಲ್ಲ ಬರೆದು, ಆ 11 ಕಾಳನ್ನು ಒಂದು ಚೀಟಿಯಲ್ಲಿ ಕಟ್ಟಿ, ಅಕ್ಕನ ಸಹಿಯನ್ನೂ ಹಾಕಿಸಿ ಮೇಲಿನ ಕಚೇರಿಗೆ ಕಳುಹಿಸಿದೆವು. ಉತ್ತರ ಬರಲಿಲ್ಲ. ಮುಂದಿನ ಲೋಡು ಬಂದಾಗ ಮಕ್ಕಳು ನನ್ನನ್ನು ಕೇಳದೆಯೇ ಮೊರ ತಂದು ಎಣಿಸಲು ಕೂತಿದ್ದರು.